'ಋ' ಅಕ್ಷರದಲ್ಲಿ ನಿಂತ ಸಂಕಲ್ಪ
(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಸಂಕಲ್ಪ ಮಾಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಎಂಬ ಗಾದೆ ನಮ್ಮದೇ ತಾನೆ? ಕಷ್ಟವಿರುವುದು ಎರಡನೆಯ ತಿಂಗಳಲ್ಲಿ. ಅದರ ಬಗ್ಗೆ ನನ್ನ ಅನುಭವವೊಂದನ್ನು ನಿಮ್ಮ ಮುಂದಿಡುತ್ತೇನೆ.

ಬಹಳ ವರ್ಷಗಳ ಹಿಂದಿನ ಮಾತು. ನಾವು ಎಡಿಸನ್ನಿನಲ್ಲಿದ್ದೆವು. ಒಂದು ಯುಗಾದಿಯಂದು, ವರ್ಷದೊಳಗೆ ಮಗಳಿಗೆ ಕನ್ನಡ ಓದಲು ಕಲಿಸುತ್ತೇನೆಂದು ಸಂಕಲ್ಪ ಮಾಡಿದೆ. ಊರಿನಿಂದ ತರಿಸಿದ್ದ ಸ್ಲೇಟು, ಬಳಪ, ಅಕ್ಷರಮಾಲೆಯ ಪಟ ಎಲ್ಲವೂ ಸಿದ್ಧವಾದುವು. ಪ್ರತಿ ಭಾನುವಾರ ಎರಡು ಗಂಟೆ ಪಾಠ! ಮೂರನೆಯ ಭಾನುವಾರ ಟ್ಯಾಕ್ಸ್ ಕಾಗದ ತುಂಬುವುದಿತ್ತು; ನಾಲ್ಕನೆಯದಕ್ಕೆ ಅವಳ ಸಾಕರ್; ಐದನೆಯದಕ್ಕೆ ಸ್ನೇಹಿತರ ಮನೆಯ ಗೃಹಪ್ರವೇಶ. ಪಾಠ 'ಋ' ಅಕ್ಷರದಲ್ಲಿ ನಿಂತುಹೋಯಿತು.

ದಸರಾ ಹೊತ್ತಿಗೆ ಮೈಸೂರಿನಿಂದ ನಮ್ಮ ತಂದೆಯವರ ಪತ್ರ ಬಂತು. ಜೊತೆಗೆ ಮಡಿಸಿದ ಚೀಟಿಯೊಂದು. "ಇದನ್ನು ಅವಳೇ ಓದಲಿ, ನೀನು ಓದಿ ಹೇಳಬೇಡ" ಎಂದು ನನಗೆ ಸೂಚನೆ. ಮಗಳು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಪ್ಪಾ, ಇದರಲ್ಲಿ ನನ್ನ ಹೆಸರು ಎಲ್ಲಿದೆ?" ಎಂದಳು. ತಂದೆಯವರಿಗೆ ಆಗ 78 ವರ್ಷ. ಇನ್ನೆಷ್ಟು ಭಾನುವಾರ ಮುಂದೂಡಬಹುದು ಎಂಬ ಲೆಕ್ಕ ಆ ರಾತ್ರಿ ನನ್ನನ್ನು ನಿದ್ದೆಮಾಡಗೊಡಲಿಲ್ಲ.

ನನ್ನ ಸಂಕಲ್ಪದ ಅಳತೆ ದೊಡ್ಡದಾಗಿತ್ತು. ವಾರಕ್ಕೆ ಎರಡು ಗಂಟೆ ಬಿಟ್ಟು ದಿನಕ್ಕೆ ಹತ್ತು ನಿಮಿಷ ಎಂದು ಮಾಡಿದೆವು. ರಾತ್ರಿ ಊಟಮಾಡಿ ಕೈ ತೊಳೆದೊಡನೆ ಅದೇ ಮೇಜಿನ ಮೇಲೆ ಸ್ಲೇಟು. ಊಟ ತಪ್ಪುತ್ತಿರಲಿಲ್ಲ, ಹಾಗಾಗಿ ಪಾಠದ ನೆನಪೂ ತಪ್ಪಲಿಲ್ಲ. ಮುಗಿದೊಡನೆ ಕ್ಯಾಲೆಂಡರಿನಲ್ಲಿ ಅವಳೇ ಒಂದು ಗೀಟು ಹಾಕುವಳು. ನ್ಯೂಯಾರ್ಕಿನಿಂದ ನನ್ನ ರೈಲು ತಡವಾದ ದಿನ ಅವಳಮ್ಮನ ಸರದಿ. ಒಂದು ದಿನ ತಪ್ಪಿದರೆ ಬೈಗುಳವಿಲ್ಲ. ಮಾರನೆಯ ದಿನವೂ ತಪ್ಪಕೂಡದು, ಅಷ್ಟೆ.

ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯಿಂದ ಕನ್ನಡನಾಡಿಗೆ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಪದಗಳು! ನಡುವೆ ತಾಯ್ನಾಡಿಗೆ ಮರಳಿದ್ದವರು ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಪರದೇಶದವರೊಬ್ಬರು ನಮ್ಮ ನುಡಿಗಾಗಿ ಇಷ್ಟು ಮಾಡಿರುವಾಗ, ಪರದೇಶದಲ್ಲಿರುವ ನಮಗೆ ಹತ್ತು ನಿಮಿಷ ಭಾರವೆ?

ಒಂದು ವರ್ಷ ಎಂದುಕೊಂಡದ್ದು ಮೂರು ತಿಂಗಳು ಮುಂದೆ ಹೋಯಿತು. ಜೂನ್ ತಿಂಗಳಲ್ಲಿ, ಒತ್ತಕ್ಷರಗಳೆಲ್ಲ ಮುಗಿದ ಮೇಲೆ, ಮಗಳು ಆ ಚೀಟಿ ತೆಗೆದು ಬೆರಳಿಟ್ಟು ಓದಿದಳು: "ಮಗೂ, ಇದನ್ನು ಓದಿದ ದಿನ ನನಗೆ ಫೋನ್ ಮಾಡು. ಎಷ್ಟು ಹೊತ್ತಾಗಿದ್ದರೂ ಸರಿ." ನಮಗೆ ರಾತ್ರಿ ಎಂಟು, ಮೈಸೂರಿನಲ್ಲಿ ಬೆಳಗಿನ ಐದೂವರೆ. ಮಾಡಿದಳು. "ನೀನೇ ಓದಿದೆಯಾ?" ಎಂದು ಕೇಳಿದ ತಾತ, ಆಮೇಲೆ ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ.

ಬಂಧುಗಳೆ, ಸಂಗೀತವಾಗಲಿ, ವ್ಯಾಯಾಮವಾಗಲಿ, ಓದಾಗಲಿ, ಸಂಕಲ್ಪ ಚಿಕ್ಕದಿರಲಿ. ಅದು ಯಾರಿಗಾಗಿ ಎಂಬುದು ಮನಸ್ಸಿನಲ್ಲಿರಲಿ. ಅರ್ಧಕ್ಕೆ ನಿಂತದ್ದೇನಾದರೂ ಇದ್ದರೆ ನಿಂತಲ್ಲಿಂದಲೇ ಎತ್ತಿಕೊಳ್ಳಿ. ನಾವೂ 'ಋ' ಅಕ್ಷರದಿಂದಲೇ ಮತ್ತೆ ಶುರುಮಾಡಿದ್ದು.