ಗೋಡೆ ಏಳುವ ಮುನ್ನ



ಕಣಕುಂಬಿಯ ಬೆಟ್ಟಗಳಲ್ಲಿ ಹುಟ್ಟುವ ಮಲಪ್ರಭೆಯು ನವಿಲುತೀರ್ಥದ ಅಣೆಕಟ್ಟನ್ನು ದಾಟಿ ಸುರೇಬಾನದ ಸೀಮೆಗೆ ಬರುತ್ತಾಳೆ. 2019ರ ಆಗಸ್ಟ್‌ನ ಮಹಾಪೂರದಲ್ಲಿ ರಾಮದುರ್ಗ ತಾಲೂಕಿನ ಅನೇಕ ಮನೆಗಳು ಕುಸಿದವು. ಮರಳಿ ಕಟ್ಟುವಾಗ ಕಾಗದದ ನಕ್ಷೆಯ ಗೆರೆಗಳನ್ನು ನೋಡಿ ಗೋದಲಿ ಎಲ್ಲಿ, ಕಾಳಿನ ಚೀಲ ಎಲ್ಲಿ ಎಂದು ಊಹಿಸುವುದು ಮನೆಯೊಡತಿಗೆ ಸುಲಭವಲ್ಲ.

ಹಂಪಿಯ ಪರಂಪರೆಯನ್ನು ಗಣಕದಲ್ಲಿ ಮೂರು ಆಯಾಮಗಳಲ್ಲಿ ಮರುರೂಪಿಸಿದ ಯೋಜನೆಯಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜೂ ಪಾಲ್ಗೊಂಡಿತ್ತು. ಅರಸರ ಕಟ್ಟಡಗಳಿಗೆ ಒದಗಿದ ಆ ವಿದ್ಯೆ ರೈತರ ಸೂರಿಗೂ ಒದಗಬೇಕು. ಗೋಡೆ ಏಳುವ ಮುನ್ನವೇ ಮನೆಯೊಡತಿ ಆ ಚಿತ್ರದೊಳಗೆ ನಡೆದಾಡಿ, ಬಾಗಿಲು ಸರಿಸಿ, ಬೇಸಿಗೆಯ ಬಿಸಿಲು ಬೀಳುವ ಕಡೆಯನ್ನು ನೋಡುವಂತಾಗಬೇಕು. 2019ರ ನೀರಿನ ಮಟ್ಟವೂ ಅಲ್ಲಿ ಕಾಣಬೇಕು. ಹೊಳೆಯನ್ನು ಮರೆತ ಚಿತ್ರ ಅಪೂರ್ಣ. ತಿದ್ದುವ ಅಧಿಕಾರ ವಾಸಿಸುವವರಿಗೆ ದೊರೆತಾಗಲೇ ಈ ತಂತ್ರಜ್ಞಾನ ಸಾರ್ಥಕ.