ಕೂಡ್ಲು: ಪೇಟೆಯ ಮಗ್ಗುಲ ಒಂದು ಊರು



ಅರಸರ ಚರಿತ್ರೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿರುವೆವು. ನಾವು ನಿಂತ ನೆಲದ ಚರಿತ್ರೆಯನ್ನು ಮಾತ್ರ ನಮಗೆ ಯಾರೂ ಓದಿಸಲಿಲ್ಲ. ಆದುದರಿಂದ ಕಾಸರಗೋಡು ಪೇಟೆಯ ಮಗ್ಗುಲಲ್ಲಿರುವ ಕೂಡ್ಲು ಎಂಬ ಊರಿನ ವಿಚಾರವನ್ನು ಇಂದು ತಮ್ಮ ಮುಂದಿಡುತ್ತೇವೆ.

ಮೊದಲು ನೆಲದ ಮಾತು. ದಕ್ಷಿಣಕ್ಕೆ ಚಂದ್ರಗಿರಿ ಹೊಳೆ, ಉತ್ತರಕ್ಕೆ ಮೊಗ್ರಾಲು ಹೊಳೆ. ಇವೆರಡರ ನಡುವಣ ಸೀಮೆಯಲ್ಲಿ ಕೂಡ್ಲು ಇದೆ. ಈ ಸೀಮೆಯಲ್ಲಿ ಮೇಲೆ ಮುರಕಲ್ಲಿನ ಗುಡ್ಡ, ಕೆಳಗೆ ಬೈಲು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೂ ನೀರು ಬೇಗನೆ ಕಡಲು ಸೇರುತ್ತದೆ. ಅದಕ್ಕಾಗಿಯೇ ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದರು. ಬೈಲು, ಪದವು, ಗುಡ್ಡೆ, ಕಟ್ಟೆ ಎಂಬ ಸ್ಥಳನಾಮಗಳು ಬರಿಯ ಹೆಸರುಗಳಲ್ಲ. ಎಲ್ಲಿ ನೀರು ನಿಲ್ಲುವುದು, ಎಲ್ಲಿ ಮನೆ ಕಟ್ಟಬೇಕು ಎಂಬುದರ ಲೆಕ್ಕಪತ್ರಗಳು.

ಕನ್ನಡ, ತುಳು, ಮಲಯಾಳ, ಕೊಂಕಣಿ ಮಾತುಗಳು ಈ ಸೀಮೆಯಲ್ಲಿ ಒಂದೇ ಅಂಗಳದಲ್ಲಿ ಬೆಳೆದವು. ಕೂಡ್ಲಿನ ಹೆಸರನ್ನು ಯಕ್ಷಗಾನ ಮೇಳವು ಹೊತ್ತು ಊರೂರು ತಿರುಗಿತು. 1916ರಲ್ಲಿ ಮದರಾಸು ಸರ್ಕಾರವು ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರವನ್ನು ತೆರೆಯಿತು. 1970ರಲ್ಲಿ ಅದುವೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ತೆಂಗು ಕಂಗುಗಳ ವಿಷಯದಲ್ಲಿ ದೇಶವೇ ಈ ಚಿಕ್ಕ ಊರಿನ ವಿಳಾಸಕ್ಕೆ ಕಾಗದ ಬರೆಯಿತು.

1799ರ ತರುವಾಯ ಈ ಸೀಮೆ ಕುಂಪಣಿಯ ಆಡಳಿತಕ್ಕೆ ಬಂದು, ಮುಂದೆ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ಚಂದ್ರಗಿರಿಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ವರದಿ ಮಾಡಿತು. ಕೂಡ್ಲು ಆ ಭಾಗದೊಳಗೇ ಇದೆ. ವರದಿ ಜಾರಿಗೆ ಬರಲಿಲ್ಲ.

ಇತ್ತ ಪೇಟೆ ಬೆಳೆಯಿತು. 2011ರ ಜನಗಣತಿಯು ಕೂಡ್ಲನ್ನು ಪಟ್ಟಣಗಳ ಸಾಲಿನಲ್ಲಿ ಬರೆದುಕೊಂಡಿತು. ಹಾಗೆ ಬರೆಯಬೇಕಾದರೆ ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯವಲ್ಲದ ಕಸುಬಿನಲ್ಲಿರಬೇಕು. ಎಂದರೆ, ಊರು ನಿಂತಲ್ಲೇ ನಿಂತಿದ್ದರೂ ಬದುಕು ಗದ್ದೆಯಿಂದ ಎದ್ದು ಹೋಯಿತು. ಬೈಲಿನಲ್ಲಿ ನಾಟಿ ನಿಂತ ಮೇಲೆ ಬೈಲೆಂಬ ಮಾತು ಮಕ್ಕಳ ಬಾಯಿಯಲ್ಲಿ ಎಷ್ಟು ದಿನ ಉಳಿದೀತು?

ಕಾಸರಗೋಡಿನ ಕೆಲವು ಊರುಗಳ ಕನ್ನಡ ಹೆಸರುಗಳು ಬದಲಾಗುವುವೆಂದು 2021ರಲ್ಲಿ ಸುದ್ದಿ ಹಬ್ಬಿ, ಜನರು ಕಳವಳಗೊಂಡರು. ಅಂತಹ ಆಲೋಚನೆಯಿಲ್ಲವೆಂದು ಕೇರಳ ಸರ್ಕಾರವು ತಿಳಿಸಿತು. ಸಂತೋಷ. ಆದರೆ ಹೆಸರನ್ನು ಅಳಿಸಲು ಆಜ್ಞೆಯೇ ಬೇಕೆಂದಿಲ್ಲ; ನಮ್ಮ ಮರೆವೊಂದೇ ಸಾಕು.

ಆದಕಾರಣ ತಮ್ಮಲ್ಲಿ ಮೂರು ಬಿನ್ನಹಗಳು. ಹಿರಿಯರು ಬದುಕಿರುವಾಗಲೇ ಗದ್ದೆ, ತೋಡು, ಗುಡ್ಡೆ, ಕಟ್ಟೆಗಳ ಹೆಸರುಗಳನ್ನು ಕೇಳಿ ಬರೆದಿಡಿರಿ. ಸಂವಿಧಾನದ 350ಎ ವಿಧಿಯು ಪ್ರಾಥಮಿಕ ಶಿಕ್ಷಣವು ತಾಯ್ನುಡಿಯಲ್ಲಿ ದೊರೆಯಬೇಕೆನ್ನುತ್ತದೆ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರಿ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡಿಗರಿಗೆ ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ.

ನೆರೆಯ ಭಾಷೆಯ ಮೇಲೆ ನಮಗೆ ದ್ವೇಷವಿಲ್ಲ. ನಮ್ಮ ಊರನ್ನು ನಾವು ಅದರ ಹೆಸರಿನಿಂದಲೇ ಕರೆಯಬೇಕೆಂಬುದಿಷ್ಟೇ ನಮ್ಮ ಆಸೆ.