ಮೀಸೆ ಮೀನಿಗೆ ಜೊತೆ ಯಾರು?



ಹೈದರಾಬಾದಿನಲ್ಲಿ ಮೀನು ಎಂದರೆ ಮೃಗಶಿರ ಕಾರ್ತೆಯ ದಿನ ನಾಂಪಲ್ಲಿ ಮೈದಾನದ ಸಾಲು ನೆನಪಾಗುವವರೇ ಹೆಚ್ಚು. ನಾನು ಮಾತಾಡಲು ಹೊರಟಿರುವುದು ಮನೆಯ ಅಕ್ವೇರಿಯಂ ಮೀನಿನ ಬಗ್ಗೆ, ಅದರಲ್ಲೂ ಮೀಸೆ ಇರುವ ಕ್ಯಾಟ್‌ಫಿಶ್ ಬಗ್ಗೆ. ಮಕ್ಕಳ ಹಟಕ್ಕೆ ತೊಟ್ಟಿ ಬರುತ್ತದೆ, ಮೂರು ತಿಂಗಳಲ್ಲಿ ಅದರ ನೀರು ಬದಲಿಸುವ ಕೆಲಸ ಅಮ್ಮನ ಪಾಲಿಗೆ ಬರುತ್ತದೆ. ಹಾಗಾಗಿ ಯಾವ ಮೀನು ಬೇಕು ಎಂದು ತೀರ್ಮಾನಿಸುವ ಹಕ್ಕೂ ನಮ್ಮದೇ ಎಂಬುದು ನನ್ನ ವಾದ.

ಅಂಗಡಿಯವರು ಸಾಮಾನ್ಯವಾಗಿ ಹೇಳುವ ಮಾತು: "ಮೇಡಂ, ಒಂದು ಸಕ್ಕರ್ ಹಾಕಿ, ತೊಟ್ಟಿ ಅದೇ ಕ್ಲೀನ್ ಮಾಡುತ್ತೆ." ಉಳಿದದ್ದು ತಿಂದುಕೊಂಡು, ಮನೆ ಗುಡಿಸಿಕೊಂಡು ಮೂಲೆಯಲ್ಲಿರಲಿ ಎಂದು ಒಂದು ಜೀವವನ್ನು ಮನೆಗೆ ತರುವುದರಲ್ಲಿ ಏನು ತಪ್ಪಿದೆ ಎಂದು ಮಹಿಳಾ ವೇದಿಕೆಯಲ್ಲಿ ವಿವರಿಸಬೇಕಾಗಿಲ್ಲ! ಕ್ಯಾಟ್‌ಫಿಶ್‌ಗೂ ಅದರದೇ ಊಟ ಬೇಕು. ಹೆಚ್ಚಿನವು ರಾತ್ರಿ ಓಡಾಡುವ ಮೀನುಗಳು. ದೀಪ ಆರಿಸಿದ ಮೇಲೆ ಮುಳುಗುವ ಗುಳಿಗೆ ಹಾಕದಿದ್ದರೆ ಅವು ಹಸಿದಿರುತ್ತವೆ. ಅವು ಕಸ ತೆಗೆಯುವುದಕ್ಕಿಂತ ಹಾಕುವುದೇ ಹೆಚ್ಚು.

ಈ ಸಕ್ಕರ್ ದಕ್ಷಿಣ ಅಮೆರಿಕದ್ದು. ಅಂಗಡಿಯಲ್ಲಿ ಎರಡು ಇಂಚು, ಬೆಳೆದರೆ ಒಂದೂವರೆ ಅಡಿ. ಗೋಲ್ಡ್‌ಫಿಶ್ ಜೊತೆ ಬಿಟ್ಟರೆ ಕೆಲವೊಮ್ಮೆ ಅದರ ಮೈಗೇ ಅಂಟಿಕೊಂಡು ಲೋಳೆ ಹೀರುತ್ತದೆ, ಗಾಯವಾಗುತ್ತದೆ. ಮಕ್ಕಳು "ಶಾರ್ಕ್" ಎಂದು ಆಸೆಪಟ್ಟು ತರುವ ಬೆಳ್ಳಿ ಬಣ್ಣದ ಮೀನೂ ಕ್ಯಾಟ್‌ಫಿಶ್ಚೇ, ಹೆಸರು ಪಂಗಾಸಿಯಸ್. ಇಲ್ಲಿ ಹೋಟೆಲುಗಳಲ್ಲಿ "ಬಾಸಾ" ಎಂದು ಬಡಿಸುವುದು ಹೆಚ್ಚಾಗಿ ಇದನ್ನೇ. ಮೂರಡಿಗೂ ಮೀರಿ ಬೆಳೆಯುವ ಅದಕ್ಕೆ ಡ್ರಾಯಿಂಗ್ ರೂಮಿನಲ್ಲಿ ಜಾಗವೆಲ್ಲಿ?

ಹಾಗಾದರೆ ಯಾವುದು ತರಬೇಕು? ನಾನು ಮೊದಲು ನೋಡುವುದು ಬಾಯಿ. ಕ್ಯಾಟ್‌ಫಿಶ್ ಬಾಯಲ್ಲಿ ಹಿಡಿಸುವ ಮೀನು ಒಂದಲ್ಲ ಒಂದು ರಾತ್ರಿ ಮಾಯವಾಗುತ್ತದೆ. ಅದು ಜಗಳಗಂಟಿ ಎಂದಲ್ಲ, ಅದಕ್ಕೆ ಅದು ಊಟ. ಪಿಕ್ಟಸ್ ನೋಡಿ: ಬೆಳ್ಳಿ ಮೈ, ಕಪ್ಪು ಚುಕ್ಕೆ, ಉದ್ದ ಮೀಸೆ, ಬೆಳೆದರೆ 4-5 ಇಂಚು. ನಿಯಾನ್ ಟೆಟ್ರಾ ಇರುವ ತೊಟ್ಟಿಗೆ ಬೇಡವೇ ಬೇಡ. ಮೈತುಂಬಿದ ಬಾರ್ಬ್, ದೊಡ್ಡ ಗೌರಾಮಿಗಳ ಜೊತೆ ಚೆನ್ನಾಗಿರುತ್ತದೆ. ಆದರೆ ಒಂಟಿಯಾಗಿ ತರಬೇಡಿ, ನಾಲ್ಕೈದಾದರೂ ಇರಲಿ. ಅದಕ್ಕೆ ನಾಲ್ಕಡಿ ಉದ್ದದ ತೊಟ್ಟಿ ಬೇಕು; ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರವಿದ್ದರೆ ಸುಮಾರು 250 ಲೀಟರ್. ಹಿಡಿಯುವಾಗ ಬಲೆ ಬೇಡ, ಮುಳ್ಳು ಸಿಕ್ಕಿಕೊಳ್ಳುತ್ತದೆ, ಡಬ್ಬಿಯಲ್ಲಿ ಎತ್ತಿ.

ನಮ್ಮಲ್ಲಿ ಅನೇಕರ ಮನೆಗೆ ಬೋರ್‌ವೆಲ್ ನೀರು, ಗಡಸು. ಗಡಸು ನೀರಿನ ಆಫ್ರಿಕನ್ ಸಿಕ್ಲಿಡ್ ಸಾಕುವವರಿಗೆ ನಾನು ಸೂಚಿಸುವುದು ಆಫ್ರಿಕದ್ದೇ ಆದ ಸೈನೋಡಾಂಟಿಸ್. ಮೈಮೇಲೆ ಗಟ್ಟಿ ಮುಳ್ಳು, ಸಿಕ್ಲಿಡ್‌ಗಳ ಜೋರಿಗೆ ಬಗ್ಗುವುದಿಲ್ಲ. ನೀರಿನಿಂದ ಎತ್ತಿದರೆ ಕೀರ್ ಎಂದು ಸದ್ದು ಮಾಡುತ್ತದೆ, ಮೊದಲ ಸಲ ಕೇಳಿದವರು ಬೆಚ್ಚಿಬೀಳುತ್ತಾರೆ. ತಲೆಕೆಳಗಾಗಿ ಈಜುವ ಇದರ ಇನ್ನೊಂದು ಜಾತಿ ನಾಲ್ಕು ಇಂಚು ದಾಟುವುದು ಅಪರೂಪ. ಅದು ಸಾಧು, ಸಿಕ್ಲಿಡ್ ಗಲಾಟೆಗೆ ಸೇರಿಸಬೇಡಿ. ಪಾಚಿಯೇ ನಿಮ್ಮ ಚಿಂತೆಯಾದರೆ ಸಕ್ಕರ್ ಬದಲು ಬ್ರಿಸಲ್‌ನೋಸ್ ಕೇಳಿ. 5 ಇಂಚಿನ ಆಸುಪಾಸು ನಿಲ್ಲುತ್ತದೆ, ಒಂದು ಮರದ ತುಂಡು, ಆಗಾಗ ಸೌತೆಕಾಯಿ ಹೋಳು ಕೊಟ್ಟರೆ ತೃಪ್ತಿ.

ಯಾವುದೇ ಆದರೂ ಅಡಗಲು ಮಡಕೆ ಚೂರೋ ಪೈಪಿನ ತುಂಡೋ ಇರಲಿ. ತಳದಲ್ಲಿ ಚೂಪು ಕಲ್ಲಿದ್ದರೆ ಮೀಸೆ ಸವೆಯುತ್ತದೆ, ನುಣುಪು ಮರಳು ಹಾಕಿ. ಇವಕ್ಕೆ ಮಾಮೂಲು ಮೀನಿನ ಪೊರೆ ಇಲ್ಲ. ಹಾಗಾಗಿ ಉಪ್ಪು, ತಾಮ್ರದ ಔಷಧಿಗಳ ವಿಷಯದಲ್ಲಿ ಬಹಳ ಜೋಪಾನ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಬೇಕು.

ಈಗಾಗಲೇ ದೊಡ್ಡ ಸಕ್ಕರ್ ಮನೆಯಲ್ಲಿದ್ದರೆ? "ಪಾಪ, ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳೋಣ" ಅನ್ನುವವರಿದ್ದಾರೆ. ದಯವಿಟ್ಟು ಬೇಡ. ನಮ್ಮ ಹಬ್ಸಿಗುಡಾದ ಸಿಸಿಎಂಬಿ ವಿಜ್ಞಾನಿಗಳು ನೀರಿನಲ್ಲಿ ಉಳಿದ ಡಿಎನ್‌ಎ ಪರೀಕ್ಷಿಸಿ, ಪೂರ್ವ ಘಟ್ಟಗಳಲ್ಲಿ ತಾವು ನೋಡಿದ ಜಲಮೂಲಗಳ ಪೈಕಿ ಅರ್ಧಕ್ಕೂ ಹೆಚ್ಚು ಕಡೆ ಈ ಮೀನು ಹರಡಿರುವುದನ್ನು ಕಂಡಿದ್ದಾರೆ. ಅದು ದಡದಲ್ಲಿ ಬಿಲ ತೋಡುತ್ತದೆ. ಬೆಸ್ತರ ಬಲೆ ಹರಿಯುತ್ತದೆ. ಬಲೆಗೆ ಬಿದ್ದರೂ ಕೊಳ್ಳುವವರಿಲ್ಲ. ನಮ್ಮ ತೊಟ್ಟಿಯ ತೊಂದರೆ ಅವರ ಅನ್ನಕ್ಕೆ ಕುತ್ತಾಗುತ್ತದೆ. ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ. ನಮ್ಮ ಬಳಗದಲ್ಲೇ ಕೇಳಿದರೆ ಒಬ್ಬರಾದರೂ ಸಿಗುತ್ತಾರೆ.

ಈಗ ನಿಮ್ಮ ತೊಟ್ಟಿಯ ಅಳತೆ, ಅದರಲ್ಲಿರುವ ಮೀನು ಯಾವುವು ಹೇಳಿ, ಯಾವುದು ಹೊಂದುತ್ತದೆ ನೋಡೋಣ.